ಆತಕೂರಿನ ಕಾಳಿಯೂ ನಮ್ಮ ಶಾಲೆಯ ನಾಯಿಯೂ

೨೦೨೫ನೆಯ ಇಸವಿಯ ಮಹಾಲಯ ಪಕ್ಷದಲ್ಲಿ ಒಂದು ದಿನ ಬೆಳಗ್ಗೆ ಮಂಡಿಕಲ್ಲಿನ ನಮ್ಮ ಶಾಲೆಯ ಜಗಲಿಯ ಮೇಲೆ ಒಂದು ನಾಯಿ ಮಲಗಿದ್ದಿತು. ಅದು ಊರ ನಾಯಿಯಲ್ಲ. ಊರ ನಾಯಿಗಳನ್ನೆಲ್ಲ ನಮ್ಮ ಹುಡುಗರು ಹೆಸರು ಹಿಡಿದು ಕರೆಯಬಲ್ಲರು. ಇದು ಗೋಧಿಬಣ್ಣದ, ಜೋಲುಗಿವಿಯ, ದೊಡ್ಡ ಮೈಯ ಪ್ರಾಣಿ. ಲ್ಯಾಬ್ರಡಾರ್ ಜಾತಿಯದೆಂದು ಹತ್ತನೆಯ ತರಗತಿಯ ಹುಡುಗನೊಬ್ಬನು ತೀರ್ಪು ಕೊಟ್ಟನು. ಅವನ ಶ್ವಾನಶಾಸ್ತ್ರವೆಲ್ಲ ೨೦೨೨ರ ‘೭೭೭ ಚಾರ್ಲಿ’ ಎಂಬ ಚಲನಚಿತ್ರದಿಂದ ಕಲಿತದ್ದು. ಕೊರಳಲ್ಲಿ ಪಟ್ಟಿಯಿರಲಿಲ್ಲ, ಆದರೆ ಪಟ್ಟಿಯಿದ್ದ ಎಡೆಯಲ್ಲಿ ಕೂದಲು ಸವೆದು ಉಂಗುರದಂತೆ ಗುರುತು ಬಿದ್ದಿದ್ದಿತು. ಪೆರೇಸಂದ್ರದ ಹೆದ್ದಾರಿಯಲ್ಲಿ ಯಾರೋ ಕಾರಿನಿಂದ ಇಳಿಸಿ ಹೋದರೆಂದು ಕೆಲವರು, ದಾರಿ ತಪ್ಪಿ ಬಂದುದೆಂದು ಕೆಲವರು. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಬಿಸಿಯೂಟದ ಅನ್ನ ಸಾರು ಎರಡೇ ದಿನಗಳಲ್ಲಿ ಅದಕ್ಕೆ ಒಗ್ಗಿಹೋಯಿತು.

ತೊಡಕು ಬಂದದ್ದು ಆಮೇಲೆ. ಸೆಪ್ಟೆಂಬರ್ ೨೦ರಿಂದ ದಸರಾ ರಜೆ. ಶಾಲೆಗೆ ಬೀಗ ಬಿದ್ದರೆ ಬಿಸಿಯೂಟವಿಲ್ಲ; ಬಿಸಿಯೂಟವಿಲ್ಲದ ಮೇಲೆ ಆ ನಾಯಿಯ ಗತಿಯೇನು? ಊರ ನಾಯಿಗಳಿಗೆ ತಮ್ಮ ತಮ್ಮ ಬೀದಿಯುಂಟು, ಬಾಗಿಲುಂಟು. ಈ ಹೊಸಬನನ್ನು ಅವು ಹತ್ತಿರ ಸೇರಿಸಲಿಲ್ಲ. ರಜೆಯ ಹಿಂದಿನ ದಿನ ಒಬ್ಬ ಹುಡುಗಿ ಎದ್ದುನಿಂತು, “ಸಾರ್, ಹಿಂದಿನ ಕಾಲದಲ್ಲಿ ಇಂಥ ನಾಯಿಗಳನ್ನು ಎಲ್ಲಿಗೆ ಬಿಡುತ್ತಿದ್ದರು?” ಎಂದು ಕೇಳಿದಳು. ಮಕ್ಕಳು ಕೇಳುವ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯದಿದ್ದಾಗ ಪಾಠವನ್ನು ಮುಂದುವರಿಸುವುದು ಮೇಷ್ಟರ ಹಳೆಯ ಉಪಾಯ. ನಾನೂ ಅದನ್ನೇ ಮಾಡಿದೆನು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದುಗರೆ, ಈ ಲೇಖನ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಒಂದು ಮಾತು. ನಮ್ಮ ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಎರಡು ಅರ್ಥಗಳುಂಟು. ಪೋಷಿಸು ಎಂಬುದೊಂದು, ಇನ್ನು ಬೇಡ ಎಂಬುದೊಂದು. ಸಾಕುನಾಯಿಯನ್ನು ತಂದವರೇ ಒಂದು ದಿನ ‘ಸಾಕು’ ಎಂದರೆ ಆ ನಾಯಿ ಮಂಡಿಕಲ್ಲಿನ ಜಗಲಿಗೆ ಬರುತ್ತದೆ. ಹಳೆಯ ಕಾಲದಲ್ಲಿ ಈ ಎರಡನೆಯ ‘ಸಾಕು’ ಅಷ್ಟು ಸುಲಭವಾಗಿ ಒದಗುತ್ತಿರಲಿಲ್ಲ; ಏಕೆಂದರೆ ಹೆಚ್ಚಿನ ನಾಯಿಗಳಿಗೆ ಒಬ್ಬ ಒಡೆಯನೆಂಬುವನೇ ಇರಲಿಲ್ಲ. ನಾಯಿ ಊರಿನದು, ಕೇರಿಯದು, ಹಟ್ಟಿಯದು. ವೈಶ್ವದೇವ ಮಾಡುವ ಗೃಹಸ್ಥನು ತಾನು ಉಣ್ಣುವ ಮುನ್ನ ನಾಯಿಗಳಿಗೆಂದು ನೆಲದ ಮೇಲೆ ಒಂದು ಪಾಲನ್ನು ಇಡಬೇಕು, ಎಸೆಯಬಾರದು, ಮೆಲ್ಲನೆ ಇಡಬೇಕು ಎಂದು ಧರ್ಮಶಾಸ್ತ್ರಕಾರರು ವಿಧಿಸಿದರು. ವೈಶ್ವದೇವವನ್ನು ಕೇಳರಿಯದ ಒಕ್ಕಲುಮನೆಯಲ್ಲಿಯೂ ರಾತ್ರಿ ಮಿಕ್ಕ ಮುದ್ದೆಯ ತುಣುಕು ಬಾಗಿಲ ಹೊರಗೆ ಬೀಳುತ್ತಿತ್ತು. ಅದಕ್ಕೆ ಪ್ರತಿಯಾಗಿ ನಾಯಿ ಬೊಗಳುತ್ತಿತ್ತು. ಇದು ಬರೆಯದ ಕರಾರು. ನಾಯಿಗೆ ಅನಾಥಾಲಯ ಬೇಕೆಂಬ ಯೋಚನೆ ಯಾರಿಗೂ ಹುಟ್ಟದಿದ್ದುದು ಕಾರುಣ್ಯ ಕಡಮೆಯಾಗಿದ್ದುದರಿಂದಲ್ಲ. ಅನಾಥವೆಂಬ ಸ್ಥಿತಿಯೇ ಸ್ಪಷ್ಟವಾಗಿರದಿದ್ದುದರಿಂದ.

ಹಾಗೆಂದು ಕಲ್ಲೇಟು ಇರಲಿಲ್ಲವೆ? ಇದ್ದಿತು. ಮಹಾಭಾರತವನ್ನು ತೆರೆದು ನೋಡಿ. ಆದಿಪರ್ವದ ಪೌಷ್ಯ ಪ್ರಕರಣದಲ್ಲಿ, ಸರಮೆಯ ಮಗನಾದ ಒಂದು ನಾಯಿ ಜನಮೇಜಯನ ಯಾಗಶಾಲೆಯ ಬಳಿಗೆ ಬರುತ್ತದೆ; ಹವಿಸ್ಸನ್ನು ಮೂಸಲಿಲ್ಲ, ನೋಡಲೂ ಇಲ್ಲ. ಆದರೂ ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ತಾಯಿ ಸರಮೆ ಬಂದು ‘ನನ್ನ ಮಗ ಮಾಡಿದ ತಪ್ಪೇನು?’ ಎಂದು ಕೇಳುತ್ತಾಳೆ. ಉತ್ತರ ಕೊಡಲಾರದವರಿಗೆ ಶಾಪವನ್ನೀಯುತ್ತಾಳೆ. ಅಷ್ಟು ದೊಡ್ಡ ಗ್ರಂಥ ಹೀಗೆ ಒಂದು ನಾಯಿಗಾದ ಅನ್ಯಾಯದೊಡನೆ ಮೊದಲಾಗಿ, ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲದ ಧರ್ಮರಾಯನ ಬಳಿಗೆ ಬಂದು ನಿಲ್ಲುತ್ತದೆ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದನಾದುದರಿಂದ ಆ ಭಾಗ ಅವನ ಕೈಯಿಂದ ನಮಗೆ ದೊರೆಯಲಿಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿಮಾಡಿದನು. ಧರ್ಮರಾಯನ ನಾಯಿಗೆ ಕುಮಾರವ್ಯಾಸನ ಷಟ್ಪದಿ ದೊರೆತಿದ್ದರೆ ಹೇಗಿರುತ್ತಿತ್ತೋ ಎಂದು ನಾನು ಪಾಠ ಹೇಳುವಾಗ ಹಲವು ಸಲ ಎಣಿಸಿದ್ದುಂಟು.

ಪುರಾಣದ ಮಾತು ಅಷ್ಟಿರಲಿ. ಕಲ್ಲಿನ ಮೇಲೆ ಕೊರೆದ ಸಾಕ್ಷ್ಯಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಹಳ್ಳಿಯಿದೆ. ಅಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿರುವ ಕಲ್ಲೊಂದು ಶಾಸನಪ್ರಿಯರಿಗೆಲ್ಲ ಪರಿಚಿತವಾದುದು. ಶಕ ೮೭೨, ಸೌಮ್ಯ ಸಂವತ್ಸರ. ಎಂದರೆ ಕ್ರಿಸ್ತಶಕ ೯೪೯-೫೦. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ನಮ್ಮವರ ಬಾಯಲ್ಲಿ ಕನ್ನರದೇವ, ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ ಸಮಯ. ಚೋಳ ರಾಜಾದಿತ್ಯನನ್ನು ಕೊಂದವನು ಕನ್ನರನ ಭಾವಮೈದುನನೂ ಸಾಮಂತನೂ ಆದ ಗಂಗ ಬೂತುಗ. ಈ ಬೂತುಗನ ವಂಶದವರು ತಮ್ಮನ್ನು ಕೋಲಾರದ ಒಡೆಯರೆಂದೂ ನಂದಗಿರಿಯ ನಾಥರೆಂದೂ ಕರೆದುಕೊಳ್ಳುತ್ತಿದ್ದರು. ಆ ನಂದಗಿರಿಯೇ ನಮ್ಮ ತಾಲ್ಲೂಕಿನವರು ದಿನವೂ ಕಾಣುವ ನಂದಿಬೆಟ್ಟ. ಆದುದರಿಂದ ಈ ಕತೆ ನಮಗೆ ತೀರ ದೂರದ್ದೇನಲ್ಲ.

ಬೂತುಗನು ರಾಜಾದಿತ್ಯನನ್ನು ಹೇಗೆ ಕೊಂದನೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಂದು ವ್ಯಾಜ್ಯವಿದ್ದಿತು. ಮೊದಲು ಶಾಸನವನ್ನು ಓದಿದ ಫ್ಲೀಟ್ ಮಹಾಶಯರು ಒಂದೆರಡು ಅಕ್ಷರಗಳನ್ನು ಓದಿದ ರೀತಿಯಿಂದ ಬೂತುಗನು ಮೋಸಗಾರನಾದನು; ಬಳಿಕ ಆ ಅಕ್ಷರಗಳನ್ನೇ ಬೇರೆ ಬಗೆಯಾಗಿ ಬಿಡಿಸಿದಾಗ, ಆನೆಯ ಅಂಬಾರಿಯೇ ರಣರಂಗವಾಗಿ ಅಲ್ಲಿ ಇರಿದನೆಂಬ ಅರ್ಥ ಹೊರಟು ಅವನು ವೀರನಾದನು. ರಾಜಾದಿತ್ಯನಿಗೆ ಆನೆಯ ಮೇಲೆ ಮಡಿದ ದೇವನೆಂಬ ಹೆಸರು ತಮಿಳಿನಲ್ಲಿ ಉಳಿದಿರುವುದು ಈ ಎರಡನೆಯ ಓದಿಗೆ ಒತ್ತಾಸೆ. ಅಕ್ಷರದ ಸಂಧಿಯನ್ನು ತಪ್ಪಾಗಿ ಬಿಡಿಸಿದರೆ ಏನಾಗುತ್ತದೆಂದು ಮಕ್ಕಳಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಸಿಕ್ಕಿಲ್ಲ.

ಇರಲಿ, ನಾವು ಬಂದದ್ದು ನಾಯಿಯ ಸಲುವಾಗಿ. ಗೆಲವಿನ ತರುವಾಯ ಉಡುಗೊರೆಗಳ ಹಂಚಿಕೆ ನಡೆಯಿತು. ಕನ್ನರನಿಂದ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ಬೂತುಗನ ಕೈಕೆಳಗೆ ಎದೆಗೊಟ್ಟು ಹೋರಾಡಿದವನು ಸಗರವಂಶದ ಮಣಲರ. ಅವನ ಶೌರ್ಯಕ್ಕೆ ಮೆಚ್ಚಿದ ಚಕ್ರವರ್ತಿ, ಬೇಕಾದುದನ್ನು ಬೇಡಿಕೊಳ್ಳೆಂದನು. ನಾಡುಗಳನ್ನೇ ಹಂಚುತ್ತಿದ್ದ ಆ ಕೈಯಿಂದ ಮಣಲರನು ಬೇಡಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು.

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಶಾಸನ ಬರೆಸಿದವರು ಮಿತವಾಕ್ಯರು. ಏಕೆ ಬೇಡಿದನೆಂದು ಹೇಳಿಲ್ಲ. ಆದರೆ ಬೇಡಿದನೆಂಬುದನ್ನು ಹೇಳಿದ್ದಾರೆ. ಅರಸನು ಸಂತೋಷದ ಭರದಲ್ಲಿ ನಾಯಿಯೊಂದನ್ನು ಅವನ ಕೈಗೆ ತುರುಕಲಿಲ್ಲ. ಆ ನಾಯಿಯನ್ನು ಇವನು ಬಲ್ಲನು, ಹೆಸರು ಹಿಡಿದು ಕೇಳಿದನು, ಪಡೆದನು. ಬೂತುಗನೂ ತನ್ನ ಪಾಲಿಗೆ ಅವನಿಗೆ ಆತುಕೂರು ಹನ್ನೆರಡನ್ನು ಕೊಟ್ಟನು. ಹಳ್ಳಿಗಳು ಕೊಟ್ಟುವು, ನಾಯಿ ಕೇಳಿದ್ದು.

ಮುಂದಿನ ಕತೆ ಚಿಕ್ಕದು. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಮಣಲರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದನು. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಅದರ ಮೇಲೆ ಕಡೆಯಿಸಿದನು. ಅಷ್ಟಕ್ಕೇ ಬಿಟ್ಟಿದ್ದರೆ ಅದು ದೊಡ್ಡವರೊಬ್ಬರ ಖಯಾಲಿಯೆನ್ನಬಹುದಿತ್ತು. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಬೀಜ ಹಿಡಿಯುವ ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆ ನಡೆಯಬೇಕೆಂದು ಕಟ್ಟುಮಾಡಿದನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲೆಂದು ಶಾಪವನ್ನೂ ಹಾಕಿಸಿದನು. ಕಾಶಿಯಲ್ಲಿ ಗೋವನ್ನು ಕೊಂದ ಪಾಪವೆಂಬುದು ಶಾಸನಗಳ ವಾಡಿಕೆಯ ಶಾಪ. ಇಲ್ಲಿ ನಾಯಿಯ ಪಾಪ. ಕಾಳಿಗೆ ಎಷ್ಟು ಪಾಪವಿದ್ದೀತು, ಅದು ಗೊರವನಿಗೆ ಎಷ್ಟು ಹೊರೆಯಾದೀತು ಎಂದು ನಮ್ಮ ಹುಡುಗರು ನಕ್ಕರು. ನಗಲಿ. ತನ್ನ ಹೊಟ್ಟೆಗೆ ಮುನ್ನ ಇನ್ನೊಂದರ ಪಾಲು ಎಂಬ ಕ್ರಮವಿದೆಯಲ್ಲ, ಆ ವೈಶ್ವದೇವದ ಕ್ರಮವೇ ಈ ಶಾಪದೊಳಗೂ ಕುಳಿತಿದೆಯೆಂದು ನನಗೆ ತೋರುತ್ತದೆ.

ಒಂದು ಮಾತನ್ನು ಮರೆಮಾಡಬಾರದು. ಕಾಳಿ ಅರಮನೆಯ ನಾಯಿ. ಬೀದಿಯ ನಾಯಿಗೆ ಯಾರೂ ಎರಡು ಕಂಡುಗ ಭೂಮಿಯನ್ನು ಬಿಡಲಿಲ್ಲ. ಅದರ ಬಾಳು ಊರಿನ ಬರೆಯದ ಕರಾರಿನ ಮೇಲೆಯೇ ನಡೆದುಕೊಂಡು ಬಂದಿತು. ಆ ಕರಾರು ಮುರಿದುದು ಪಟ್ಟಣಗಳಲ್ಲಿ.

ಮುಂಬಯಿಯಲ್ಲಿ ಅದು ಮುರಿದ ತಾರೀಖನ್ನೇ ಹೇಳಬಹುದು. ಕಂಪೆನಿ ಸರ್ಕಾರ ಬೇಸಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಪದ್ಧತಿಯನ್ನು ಇಟ್ಟಿದ್ದಿತು. ಕೊಂದ ನಾಯಿಯೊಂದಕ್ಕೆ ಎಂಟಾಣೆ. ಎಂಟಾಣೆಯ ಆಸೆಗೆ ಪೇದೆಗಳು ಸಾಕುನಾಯಿಗಳ ಮೇಲೂ ಕೈಮಾಡಿದರು. ಪಾರಸಿಗಳಲ್ಲಿ ನಾಯಿ ಪವಿತ್ರಪ್ರಾಣಿ. ಸತ್ತವರ ಮುಖವನ್ನು ನಾಯಿಗೆ ತೋರಿಸುವ ಸಗ್‌ದೀದ್ ಎಂಬ ಸಂಸ್ಕಾರವೂ ಅವರಲ್ಲುಂಟು. ೧೮೩೨ನೆಯ ಇಸವಿ ಜೂನ್ ೬ರಂದು ಅವರು ಬೀದಿಗಿಳಿದರು. ಮರುದಿನ ಅಂಗಡಿಗಳು ಮುಚ್ಚಿದುವು. ದಂಡಿಗೆ ಹೋಗಬೇಕಾದ ಆಹಾರಸಾಮಗ್ರಿಯೂ ತಡೆಯಿತು. ದಂಡು ಬಂದು ದಂಗೆಯನ್ನು ಅಡಗಿಸಿತು. ನಾಯಿಯೊಂದನ್ನು ಕೊಲ್ಲಬಾರದೆಂಬುದು ಸರಿ, ಆದರೆ ಒಡೆಯನಿಲ್ಲದ ನಾಯಿಯನ್ನು ಎಲ್ಲಿಡಬೇಕು? ಈ ಪ್ರಶ್ನೆ ನಮ್ಮ ದೇಶದಲ್ಲಿ ಸರ್ಕಾರದ ಕಡತಕ್ಕೆ ಏರಿದ ಬಗೆ ಇದು.

ಲಂಡನ್ನಿನಲ್ಲಿ ಇದೇ ಪ್ರಶ್ನೆಗೆ ಮೇರಿ ಟೀಲ್ಬಿ ಎಂಬ ಮಹಿಳೆ ೧೮೬೦ರಲ್ಲಿ ಉತ್ತರ ಕೊಟ್ಟಳು. ಹಾಲೊವೇ ಎಂಬಲ್ಲಿ ದಾರಿತಪ್ಪಿದ, ಹಸಿದ ನಾಯಿಗಳಿಗೆಂದು ಒಂದು ತಾತ್ಕಾಲಿಕ ಮನೆಯನ್ನು ತೆರೆದಳು. ಬಡಮಕ್ಕಳು ಬೀದಿಯಲ್ಲಿರುವಾಗ ನಾಯಿಗೆ ಮನೆಯೆ ಎಂದು ಪತ್ರಿಕೆಗಳು ಪರಿಹಾಸ್ಯ ಮಾಡಿದುವು. ೧೮೬೨ರಲ್ಲಿ ಚಾರ್ಲ್ಸ್ ಡಿಕನ್ಸನ ಪತ್ರಿಕೆಯಲ್ಲಿ ಅದರ ಪರವಾಗಿ ಒಂದು ಲೇಖನ ಬಂದಮೇಲೆ ಜನರ ನೋಟ ಬದಲಾಯಿತು. ೧೮೭೧ರಲ್ಲಿ ಆ ಮನೆ ಬ್ಯಾಟರ್ಸಿಗೆ ವರ್ಗವಾಗಿ ಇಂದಿಗೂ ನಡೆಯುತ್ತಿದೆ. ‘ತಾತ್ಕಾಲಿಕ’ ಎಂಬ ಅವಳ ಮಾತನ್ನು ಗಮನಿಸಬೇಕು. ನಾಯಿ ಅಲ್ಲಿಯೇ ಇರಲೆಂದಲ್ಲ. ಅಲ್ಲಿಂದ ಇನ್ನೊಂದು ಮನೆಗೆ ಹೋಗಲೆಂದು.

ನಮ್ಮ ಕಡೆ ಈ ಆಲೋಚನೆ ಬೇರೂರಲು ಒಂದು ದೊಡ್ಡ ಅಡ್ಡಿಯಿದ್ದಿತು, ಅದನ್ನು ಲಘುವಾಗಿ ಕಾಣಲಾಗದು: ಹುಚ್ಚುನಾಯಿಯ ಭಯ. ೧೯೦೭ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಗುವ ಮೊದಲು ದಕ್ಷಿಣದೇಶದವರಿಗೆ ಹತ್ತಿರದಲ್ಲಿ ಚಿಕಿತ್ಸೆಯೇ ಇರಲಿಲ್ಲ. ಆಮೇಲೆ ಬಂದ, ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ಹೊಕ್ಕುಳ ಸುತ್ತ ಹದಿನಾಲ್ಕು ದಿನ ಚುಚ್ಚಿಸಿಕೊಳ್ಳಬೇಕಾಗಿತ್ತು. ಆ ಹದಿನಾಲ್ಕು ಸೂಜಿಗಳ ಕತೆಯನ್ನು ಕೇಳಿ ಬೆಳೆದವರಲ್ಲಿ ನಾನೂ ಒಬ್ಬ. ನಮ್ಮ ದೇಶದಲ್ಲಿ ಆ ಲಸಿಕೆ ನಿಂತದ್ದು ೨೦೦೪ರ ಕೊನೆಗೆ. ಈಗ ತೋಳಿಗೆ ಕೆಲವೇ ಚುಚ್ಚುಮದ್ದುಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ರೋಗ ತಲೆಗೇರಿದ ಮೇಲೆ ಇಂದಿಗೂ ಮದ್ದಿಲ್ಲ. ಆದುದರಿಂದ ನಾಯಿಯನ್ನು ಕಂಡು ಹಿಂದೆಗೆಯುವ ತಾಯಂದಿರನ್ನು ನಿರ್ದಯರೆಂದು ಹಳಿಯುವವರ ಪಕ್ಷ ನನ್ನದಲ್ಲ. ನಮ್ಮ ಶಾಲೆಯ ನಾಯಿಗೂ ಮೊದಲು ಮಾಡಿಸಿದ್ದು ಲಸಿಕೆಯನ್ನೇ.

ಸ್ವತಂತ್ರ ಭಾರತದಲ್ಲಿ ಕಾನೂನಿನ ದಾರಿ ತೆರೆದವರು ನರ್ತಕಿ ರುಕ್ಮಿಣೀದೇವಿ ಅರುಂಡೇಲ್. ರಾಜ್ಯಸಭೆಯಲ್ಲಿ ಅವರು ತಂದ ಖಾಸಗಿ ಮಸೂದೆ, ಪ್ರಧಾನಿ ನೆಹರೂ ಅವರ ಭರವಸೆಯ ಮೇಲೆ ಹಿಂದಕ್ಕೆ ಹೋಗಿ, ಸರ್ಕಾರದ ಕಾಯಿದೆಯಾಗಿ ೧೯೬೦ರಲ್ಲಿ ಬಂದಿತು. ೧೯೬೨ರಲ್ಲಿ ಸ್ಥಾಪಿತವಾದ ಪ್ರಾಣಿಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಹಸಿವು ನೀರಡಿಕೆಗಳಿಂದ ನರಳುವ ಹಾಗೆ ಪ್ರಾಣಿಯನ್ನು ತೊರೆದುಹೋಗುವುದು ಈ ಕಾಯಿದೆಯ ಹನ್ನೊಂದನೆಯ ಪ್ರಕರಣದಂತೆ ಅಪರಾಧ. ಮೊದಲ ಸಲದ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಮೆಯಿಲ್ಲದೆ ಐವತ್ತು ರೂಪಾಯಿಯ ತನಕ. ೧೯೬೦ರಲ್ಲಿ ಐವತ್ತು ರೂಪಾಯಿ ದೊಡ್ಡ ಮೊತ್ತ. ಈಗ ಆ ಹಣಕ್ಕೆ ಹೆದ್ದಾರಿಯ ಹೋಟೆಲಿನಲ್ಲಿ ಒಂದು ಮಸಾಲೆದೋಸೆ ಬರುವುದೂ ಸಂದೇಹ.

ನಾಯಿಗೆ ಮನೆ ಹುಡುಕುವ ಕೆಲಸ ಬೆಂಗಳೂರಿನಲ್ಲಿ ನೆಲೆಗೊಂಡುದರಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆಯ ಪಾಲು ದೊಡ್ಡದು. ೧೯೫೯ರಲ್ಲಿ ಈ ದೇಶಕ್ಕೆ ಬಂದವರು. ದೆಹಲಿಯ ರಸ್ತೆಯ ಬದಿಯಲ್ಲಿ, ಕಾಗೆಗಳು ಕಣ್ಣು ಕುಕ್ಕಿದ ಒಂದು ಕುದುರೆ ಸಾಯುತ್ತ ಬಿದ್ದಿದ್ದುದನ್ನು ಕಂಡು ಇಲ್ಲಿಯೇ ಉಳಿದುಬಿಟ್ಟರು. ದೆಹಲಿಯಲ್ಲಿ ಒಂದು ಆಶ್ರಯ, ೧೯೮೦ರಲ್ಲಿ ಜಯಪುರದಲ್ಲಿ ಇನ್ನೊಂದು. ಎಂಬತ್ತೈದರ ಹತ್ತಿರದ ವಯಸ್ಸಿನಲ್ಲಿ, ೧೯೯೧ರಲ್ಲಿ, ಬೆಂಗಳೂರಿನಲ್ಲಿ ‘ಕೂಪಾ’ ಎಂದು ಚಿಕ್ಕದಾಗಿ ಕರೆಯುವ ಸಂಸ್ಥೆಗೆ ಅಡಿಗಲ್ಲಾದರು. ೧೯೯೬ರಲ್ಲಿ ತೀರಿಕೊಂಡರು. ಇಂಥ ಸಂಸ್ಥೆಗಳ ಕ್ರಮವೊಂದು ನಮಗೆ ವಿಚಿತ್ರವಾಗಿ ಕಂಡೀತು: ನಾಯಿ ಬೇಕೆಂದು ಬಂದವರನ್ನೇ ಅವರು ಪರೀಕ್ಷಿಸುತ್ತಾರೆ. ಮನೆಯಲ್ಲಿ ಎಷ್ಟು ಜನ, ಹಗಲು ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಬಾಡಿಗೆಯ ಮನೆಯಾದರೆ ಒಡೆಯರ ಒಪ್ಪಿ ಉಂಟೆ? ಹೆಣ್ಣು ಕೊಡುವವರು ಕೇಳುವ ಪ್ರಶ್ನೆಗಳಿಗಿಂತ ಇವು ಕಠಿನ.

ಆದರೆ ಎಲ್ಲ ನಾಯಿಗಳಿಗೂ ಮನೆ ದೊರೆಯುವುದು ಲೆಕ್ಕದಲ್ಲಿಯೇ ಸಾಧ್ಯವಿಲ್ಲ. ೨೦೨೩ರ ಗಣತಿಯಂತೆ ಬೆಂಗಳೂರು ಒಂದರಲ್ಲೇ ಬೀದಿನಾಯಿಗಳು ಸುಮಾರು ೨ ಲಕ್ಷ ೭೯ ಸಾವಿರ. ೨೦೧೯ರಲ್ಲಿ ೩ ಲಕ್ಷ ೧೦ ಸಾವಿರದಷ್ಟಿದ್ದುವು. ಸಂತಾನಶಕ್ತಿಹರಣ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬುದು ೨೦೦೧ರ ನಿಯಮಗಳ ತಿರುಳು. ೨೦೨೩ರ ಹೊಸ ನಿಯಮಗಳೂ ಅದನ್ನೇ ಉಳಿಸಿಕೊಂಡು, ಬೀದಿನಾಯಿಯನ್ನು ‘ಸಮುದಾಯದ ಪ್ರಾಣಿ’ಯೆಂದು ಕರೆದುವು. ಊರ ನಾಯಿಯೆಂಬ ನಮ್ಮ ಹಳೆಯ ಮಾತು ಸುತ್ತಿಬಳಸಿ ಸರ್ಕಾರದ ಗೆಜೆಟ್ಟಿಗೆ ಬಂದುದನ್ನು ಕಂಡು ನನಗೆ ಸಂತೋಷವಾಯಿತು. ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ವಿಷಯಕ್ಕೆ ದೊಡ್ಡ ಕಾವು ಬಂದಿತು. ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಗಳಿಗೆ ಸಾಗಿಸಿರೆಂದು ಆಗಸ್ಟ್ ೧೧ರಂದು ಆಜ್ಞೆಯಾಯಿತು. ೨೨ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸಡಿಲಿಸಿ, ರೋಗವೂ ಕ್ರೂರತೆಯೂ ಇಲ್ಲದ ನಾಯಿಗಳನ್ನು ಲಸಿಕೆ ಹಾಕಿ ಮರಳಿ ಬಿಡಲು ಹೇಳಿತು. ದತ್ತು ಪಡೆಯಬಯಸುವವರು ಅರ್ಜಿ ಹಾಕಿಕೊಳ್ಳಬಹುದು, ಆದರೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದೂ ಸೇರಿಸಿತು. ನವೆಂಬರ್ ೭ರ ಇನ್ನೊಂದು ಆಜ್ಞೆಯಲ್ಲಿ ಶಾಲೆ, ಆಸ್ಪತ್ರೆ, ಬಸ್ಸು ರೈಲು ನಿಲ್ದಾಣಗಳ ಆವರಣದಲ್ಲಿ ಬೀದಿನಾಯಿ ಇರಕೂಡದೆಂದಾಯಿತು. ನಮ್ಮ ಜಗಲಿಯ ನಾಯಿ ಅಷ್ಟು ದಿನ ಅಲ್ಲಿಯೇ ಇದ್ದಿದ್ದರೆ ಹುಡುಗರಿಗೆ ಉತ್ತರ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು.

ಇನ್ನು ಹಬ್ಬದ ವಿಷಯ. ನಾಯಿ ಮನೆ ಸೇರುವ ಕಾಲವೂ ಮನೆ ಬಿಡುವ ಕಾಲವೂ ಹಬ್ಬವೇ ಆಗಿರುವುದು ಸೋಜಿಗ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿಗೆ ಮಕ್ಕಳಿಗೆ ಮರಿಯನ್ನು ಉಡುಗೊರೆ ಕೊಟ್ಟು, ಜನವರಿಯಲ್ಲಿ ಬೇಸತ್ತು ಹೊರಹಾಕುವುದನ್ನು ಕಂಡು, ಅಲ್ಲಿಯ ಶ್ವಾನರಕ್ಷಣಾ ಸಂಘ ೧೯೭೮ರಲ್ಲಿ, ನಾಯಿಯೆಂಬುದು ಒಂದು ಹಬ್ಬದ ವಸ್ತುವಲ್ಲ, ಅದರ ಬಾಳುಗಾಲದ ನಂಟು ಎಂಬರ್ಥದ ಘೋಷವಾಕ್ಯವನ್ನು ಹೊರಡಿಸಿತು. ಅದು ಗಾದೆಯಷ್ಟೇ ಹಬ್ಬಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹೆಲೆನ್ ವುಡ್‌ವರ್ಡ್ ಹೆಸರಿನ ಪ್ರಾಣಿಕೇಂದ್ರದವರು ೧೯೯೯ರಲ್ಲಿ ಇದಕ್ಕೆ ತಿರುಗಿ ನಿಂತರು. ಹಬ್ಬದಲ್ಲಿ ಹೇಗೂ ಜನ ನಾಯಿಯನ್ನು ತಂದೇ ತರುವರು, ನಾವು ಬಾಗಿಲು ಹಾಕಿದರೆ ವ್ಯಾಪಾರಿಗಳಿಂದ ತರುವರು. ಆದುದರಿಂದ ಹಬ್ಬದಲ್ಲಿಯೇ ಅನಾಥ ನಾಯಿಗಳಿಗೆ ಮನೆ ಹುಡುಕೋಣ ಎಂಬುದು ಅವರ ವಾದ. ೨೦೧೩ರಲ್ಲಿ ಅಲ್ಲಿಯ ಪ್ರಾಣಿದಯಾ ಸಂಘದವರು ಉಡುಗೊರೆಯಾಗಿ ಪ್ರಾಣಿಯನ್ನು ಪಡೆದವರನ್ನು ವಿಚಾರಿಸಿದಾಗ, ಅದರಿಂದ ಅಕ್ಕರೆ ಕಡಮೆಯಾಗಲಿಲ್ಲವೆಂದು ನೂರಕ್ಕೆ ೯೬ ಮಂದಿ ಹೇಳಿದರಂತೆ. ಎರಡು ಪಕ್ಷಗಳನ್ನೂ ತೂಗಿ ನೋಡಿದರೆ ನನಗೆ ಮಣಲರನೇ ನೆನಪಾಗುತ್ತಾನೆ. ಕೊಟ್ಟದ್ದು ಹಬ್ಬದಲ್ಲೋ ಯುದ್ಧದ ಮರುದಿನವೋ ಎಂಬುದು ಮುಖ್ಯವಲ್ಲ. ಕೇಳಿದವನು ಇದ್ದನೆ, ಇಲ್ಲವೆ?

ನಮ್ಮಲ್ಲಿ ನಾಯಿಗೆ ಒದಗುವ ಕಷ್ಟ ದೀಪಾವಳಿಯದು. ಪಟಾಕಿಯ ಸದ್ದಿಗೆ ಹೆದರಿ ಹಗ್ಗ ಹರಿದುಕೊಂಡು ಓಡಿ ಎಷ್ಟೋ ಸಾಕುನಾಯಿಗಳು ಮನೆಗೆ ಮರಳುವುದಿಲ್ಲ. ನರಕ ಚತುರ್ದಶಿಯ ದಿನ ನಾವು ಎಣ್ಣೆನೀರೆರೆದುಕೊಂಡು ಬೀದಿಗೆ ಬಂದು ಮೊದಲ ಪಟಾಕಿಯನ್ನು ಹಚ್ಚುತ್ತೇವಲ್ಲ, ಅದೇ ದಿನ ನೇಪಾಳದಲ್ಲಿ ಕುಕುರ್ ತಿಹಾರ್ ಎಂಬ ಹಬ್ಬ. ಅಲ್ಲಿ ಮನೆಯ ನಾಯಿಗೂ ಬೀದಿಯ ನಾಯಿಗೂ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಮುಂದೆ ಊಟ. ಯಮನ ಬಾಗಿಲನ್ನು ಕಾಯುವ ಶ್ಯಾಮ ಶಬಲರೆಂಬ ನಾಯಿಗಳು ಋಗ್ವೇದದ ಕಾಲದಿಂದ ಪ್ರಸಿದ್ಧ. ಯಮತರ್ಪಣದ ಆ ದಿನ ನೇಪಾಳದವರಿಗೆ ಅವುಗಳ ನೆನಪು ಉಳಿದಿದೆ, ನಮಗೆ ಮರೆತಿದೆ. ಚೆಂಡುಹೂವನ್ನು ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲೇ ಎಷ್ಟು ಬೆಳೆಯುತ್ತಾರೆ!

ನಮ್ಮ ಶಾಲೆಯ ನಾಯಿಯ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ರಜೆ ಬಂದಿತು, ಅದರ ಜೊತೆಗೆ ಸೆಪ್ಟೆಂಬರ್ ೨೨ರಿಂದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯೂ ಬಂದಿತು. ಮೇಷ್ಟರುಗಳೇ ಗಣತಿದಾರರು. ಮೊಬೈಲು ಹಿಡಿದು ಮನೆ ಮನೆಗೆ ಹೋಗಿ ೬೦ ಪ್ರಶ್ನೆಗಳನ್ನು ಕೇಳಬೇಕು. ನಾನು ಅರವತ್ತೊಂದನೆಯದನ್ನು ನನ್ನ ಲೆಕ್ಕದಲ್ಲಿ ಸೇರಿಸಿಕೊಂಡೆನು: ಒಂದು ನಾಯಿಯಿದೆ, ಇಟ್ಟುಕೊಳ್ಳುತ್ತೀರಾ? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ತೆಲುಗು. ‘ಕುಕ್ಕ’ ಎಂಬ ಮಾತು ಬಾಗಿಲಿಂದ ಅಡುಗೆಮನೆಗೆ ಹೋಗಿ, ಅಲ್ಲಿಂದ ‘ಬೇಡ’ ಎಂಬ ಕನ್ನಡವಾಗಿ ಹೊರಕ್ಕೆ ಬರುತ್ತಿತ್ತು. ಒಬ್ಬರಿಗೆ ಕೋಳಿಗಳ ಚಿಂತೆ. ಒಬ್ಬರಿಗೆ ಕೂಸಿನ ಚಿಂತೆ. ಇಷ್ಟು ದೊಡ್ಡ ಮೈಗೆ ಎಷ್ಟು ಹಿಟ್ಟು ಬೇಕೆಂದು ಕೇಳಿದವರೂ ಉಂಟು, ಕೇಳಿದ್ದು ನ್ಯಾಯವೇ. ಅಷ್ಟರಲ್ಲಿ ಸಮೀಕ್ಷೆ ಮುಗಿಯದೆ ರಜೆಯನ್ನು ಅಕ್ಟೋಬರ್ ೧೮ರವರೆಗೆ ಮುಂದಕ್ಕೆ ಹಾಕಿದರು. ಬಿಸಿಯೂಟ ಮಾಡುವ ತಾಯಿಯೊಬ್ಬರು ತಮ್ಮ ಮನೆಯಿಂದ ಒಂದು ಹೊತ್ತು ತಂದಿಡುತ್ತಿದ್ದರು. ಇನ್ನೊಂದು ಹೊತ್ತಿಗೆ ಹುಡುಗರು ಸರದಿ ಹಾಕಿಕೊಂಡಿದ್ದರು. ಸರದಿ ಎರಡು ಸಲ ತಪ್ಪಿತು. ನಾಯಿ ಇಳಿದುಹೋಯಿತು.

ಹೀಗಿರುವಾಗ, ಬೇಡವೆಂದಿದ್ದ ಮನೆಯೊಂದರ ಅಜ್ಜಿ ಒಂದು ಸಂಜೆ ನನ್ನ ಬಾಗಿಲಿಗೆ ಬಂದರು. ಮಗ ಸೊಸೆ ರೇಷ್ಮೆಹುಳು ಸಾಕುವವರು. ಅಜ್ಜಿ ದಿನವೂ ಶಾಲೆಯ ಮುಂದಿನ ದಾರಿಯಲ್ಲಿ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿದ್ದರಂತೆ. ಎಂಟು ದಿನದಿಂದ ಆ ನಾಯಿ ಅವರನ್ನು ತೋಟದ ತನಕ ಬಿಟ್ಟು ಹಿಂದಿರುಗುತ್ತಿತ್ತಂತೆ.

“ಮೇಷ್ಟ್ರೇ, ಆ ನಾಯೀನ ನನಗೆ ಕೊಡಿ” ಎಂದರು.

“ಮಗ ಬೇಡ ಅಂದರಲ್ಲ, ಅಮ್ಮ?”

“ಅವನನ್ನ ಯಾರು ಕೇಳಿದರು? ನಾನು ಕೇಳ್ತಿರೋದು.”

ಲಸಿಕೆಯ ಚೀಟಿಯನ್ನು ಅವರ ಕೈಗೆ ಕೊಟ್ಟೆನು. ಮಡಿಸಿ ಎಲೆಅಡಕೆಯ ಚೀಲದಲ್ಲಿ ಇಟ್ಟುಕೊಂಡರು. ಅದರ ಮೊದಲಿನ ಹೆಸರೇನೆಂದು ಕೇಳಿದರು, ಯಾರಿಗೂ ಗೊತ್ತಿಲ್ಲವೆಂದೆನು. ಅವರು ‘ರಾಜ’ ಎಂದು ಕರೆಯುತ್ತಾರೆ. ನಾಯಿ ಆ ಹೆಸರಿಗೆ ಇನ್ನೂ ತಿರುಗಿ ನೋಡುವುದಿಲ್ಲ, ಅವರ ದನಿಗೆ ತಿರುಗುತ್ತದೆ.

ಹುಳುಮನೆಯ ಹತ್ತಿರ ಹೊಗೆ ಕೂಡದು. ಆದುದರಿಂದ ದೀಪಾವಳಿಯಲ್ಲಿ ಆ ಮನೆಯವರು ಪಟಾಕಿ ಹಚ್ಚುವ ವಾಡಿಕೆಯಿಲ್ಲ, ಪಕ್ಕದವರೂ ಒಂದಿಷ್ಟು ದೂರ ಹೋಗಿ ಹಚ್ಚುತ್ತಾರೆ. ಅಮಾವಾಸ್ಯೆಯ ರಾತ್ರಿ ನಾನು ಆ ಕಡೆ ಹೋಗಿದ್ದೆನು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದುವು. ಮನೆಯಲ್ಲಿ ಮೆಲ್ಲನೆ ಮಾತನಾಡುತ್ತಿದ್ದರು. ಊರೊಳಗೆ ಸದ್ದು ನಡೆದೇ ಇದ್ದಿತು. ನಾಯಿ ಸೊಪ್ಪಿನ ಕೋಣೆಯಲ್ಲಿ, ಒದ್ದೆ ಗೋಣಿ ಹೊದಿಸಿದ ಹಿಪ್ಪುನೇರಳೆಯ ರಾಶಿಗೆ ಬೆನ್ನು ಒತ್ತಿಕೊಂಡು ನಡುಗುತ್ತಿದ್ದಿತು. ಅಜ್ಜಿ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಕೂತಿದ್ದರು. “ಇನ್ನೆಷ್ಟು ದಿನ ಮೇಷ್ಟ್ರೇ ಈ ಸದ್ದು?” ಎಂದು ಕೇಳಿದರು. ಬಲಿಪಾಡ್ಯಮಿ ಕಳೆಯಲಿ ಎಂದೆನು.